ಕಾಯಿಲೆಯ ಹೆಸರು ಬೇರೆ, ಕಾಯಿಲೆಯ ದಿನ ಬೇರೆ

ನಮ್ಮ ಮನೆಯಲ್ಲಿ ಫಾರ್ಮ್ ತುಂಬುವ ಕೆಲಸ ನನ್ನದು. ವಿಮೆಯದು, ಆಫೀಸಿನದು, ಹೊಸ ಡಾಕ್ಟರ ಹತ್ತಿರ ಹೋದರೆ ಅಲ್ಲಿಯದು. ಎಲ್ಲದರಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ‘ದೀರ್ಘಕಾಲದ ಕಾಯಿಲೆ ಏನಾದರೂ ಇದೆಯೇ?’ ಅದರ ಕೆಳಗೆ ಪುಟ್ಟ ಪುಟ್ಟ ಚೌಕಗಳು. ಸಕ್ಕರೆ ಕಾಯಿಲೆ, ಬಿಪಿ, ಹೃದಯ, ಆಸ್ತಮಾ, ಥೈರಾಯ್ಡ್, ಕಿಡ್ನಿ, ಸಂಧಿವಾತ. ನಮ್ಮ ಮನೆಯವರು ಸೇರಿ ಮೂರು ಚೌಕಕ್ಕೆ ಗುರುತು ಹಾಕುತ್ತೇವೆ. ನನ್ನದು ಥೈರಾಯ್ಡ್. ಅಕ್ಕನದು ರುಮಟಾಯ್ಡ್ ಸಂಧಿವಾತ. ಅಪ್ಪನದು ಕಿಡ್ನಿ. ಮೂರೂ ಚೌಕಗಳು ಒಂದೇ ಅಳತೆಯವು. ಮೂರಕ್ಕೂ ಒಂದೇ ಥರದ ಟಿಕ್.

ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ನನ್ನ ಕಾಯಿಲೆಗೆ ದಿನದಲ್ಲಿ ಒಂದು ನಿಮಿಷ ಸಾಕು. ಅಪ್ಪನ ಕಾಯಿಲೆ ವಾರದ ಅರ್ಧವನ್ನು ತಿಂದುಬಿಡುತ್ತದೆ. ಅಕ್ಕನದು ಎಷ್ಟು ತಿನ್ನುತ್ತದೆ ಅಂತ ಅವಳಿಗೇ ಹಿಂದಿನ ರಾತ್ರಿ ಗೊತ್ತಿರುವುದಿಲ್ಲ. ಆದರೂ ಮೂರಕ್ಕೂ ‘ದೀರ್ಘಕಾಲದ ಕಾಯಿಲೆ’ ಎಂಬ ಒಂದೇ ಹೆಸರು. ಫಾರ್ಮ್ ಓದಿದವರಿಗೆ ನಮ್ಮ ದೇಹದ ಯಾವ ಭಾಗ ಕೆಟ್ಟಿದೆ ಅನ್ನುವುದು ಗೊತ್ತಾಗುತ್ತದೆ. ನಾವು ಹೇಗೆ ಬದುಕುತ್ತಿದ್ದೇವೆ ಅನ್ನುವುದು ಒಂದಿಷ್ಟೂ ಗೊತ್ತಾಗುವುದಿಲ್ಲ.

ಡಾಕ್ಟರುಗಳು ಕಾಯಿಲೆಗಳನ್ನು ಅಂಗಾಂಗದ ಲೆಕ್ಕದಲ್ಲಿ ವಿಂಗಡಿಸುವುದು ಸರಿಯೇ. ಚಿಕಿತ್ಸೆಗೆ ಅದು ಬೇಕು. ಆದರೆ ಕಾಯಿಲೆಯ ಜೊತೆ ಬದುಕುವವರಿಗೆ ಇನ್ನೊಂದು ಥರದ ವಿಂಗಡಣೆಯೂ ಬೇಕು ಅನ್ನಿಸುತ್ತದೆ. ಈ ಕಾಯಿಲೆ ನನ್ನ ಹೊತ್ತನ್ನು ಹೇಗೆ ತೆಗೆದುಕೊಳ್ಳುತ್ತದೆ? ದಿನಾ ಸ್ವಲ್ಪ ಸ್ವಲ್ಪವೋ, ವಾರಕ್ಕೆ ಇಷ್ಟು ಅಂತಲೋ, ಹೇಳದೆ ಕೇಳದೆ ಬಂದೋ? ಜಾನ್ ರೋಲ್ಯಾಂಡ್ ಎಂಬ ಮನೋವೈದ್ಯರು 1984ರಲ್ಲೇ ಇಂಥ ಒಂದು ವಿಂಗಡಣೆ ಮಾಡಿದ್ದರು. ಕಾಯಿಲೆ ದಿಢೀರನೆ ಬಂತೋ ನಿಧಾನಕ್ಕೆ ಬಂತೋ, ಒಂದೇ ಸಮನೆ ಇರುತ್ತದೋ, ಏರುತ್ತಲೇ ಹೋಗುತ್ತದೋ, ಬಂದು ಹೋಗಿ ಮಾಡುತ್ತದೋ ಎಂದು ಅವರು ನೋಡಿದರು. ಹಾಗೆ ನೋಡಿದರೆ ಬೇರೆ ಬೇರೆ ಅಂಗದ ಕಾಯಿಲೆಗಳು ಒಂದೇ ಗುಂಪಿಗೆ ಬರುತ್ತವೆ. ಒಂದೇ ಹೆಸರಿನವು ಬೇರೆ ಬೇರೆ ಗುಂಪಿಗೆ ಹೋಗುತ್ತವೆ. ನಮ್ಮ ಮನೆಯಲ್ಲಿ ನಾನು ಕಂಡಿದ್ದಕ್ಕೆ ಈ ಲೆಕ್ಕವೇ ಹೆಚ್ಚು ಹೊಂದುತ್ತದೆ.

ಸದ್ದಿಲ್ಲದವು

ಮೊದಲು ನನ್ನದನ್ನು ಹೇಳಿ ಮುಗಿಸುತ್ತೇನೆ. ಅದರಲ್ಲಿ ಹೇಳುವುದು ಕಡಿಮೆ. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡುವುದಿಲ್ಲ, ಅದನ್ನು ಮಾತ್ರೆಯಿಂದ ತುಂಬಬೇಕು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಗಾಗ ಒಂದು ರಕ್ತಪರೀಕ್ಷೆ. ಅಷ್ಟೇ. ಮಾತ್ರೆಯ ಪ್ರಮಾಣ ಸರಿಹೊಂದುವ ತನಕ ಸುಸ್ತು, ಚಳಿ, ಮಂಕು ಎಲ್ಲಾ ಇತ್ತು. ಹೊಂದಿದ ಮೇಲೆ ಕಾಯಿಲೆ ಇದೆ ಅನ್ನುವುದೇ ಎಷ್ಟೋ ದಿನ ನೆನಪಿಗೆ ಬರುವುದಿಲ್ಲ.

ಬಿಪಿಯದೂ ಹೆಚ್ಚುಕಡಿಮೆ ಇದೇ ಕಥೆ, ಆದರೆ ಅದರಲ್ಲಿ ಅಪಾಯ ಜಾಸ್ತಿ. ಬಿಪಿ 140/90 ದಾಟಿದರೂ ಹೆಚ್ಚಿನವರಿಗೆ ಏನೂ ಅನ್ನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಬಿಪಿ ಇರುವ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿಲ್ಲ. ಗೊತ್ತಾದವರಿಗೂ ಒಂದು ಕಷ್ಟ ಇದೆ. ಏನೂ ತೊಂದರೆ ಇಲ್ಲದ ಮೈಗೆ ದಿನಾ ಮಾತ್ರೆ ಕೊಡಬೇಕು. ತಿಂದರೆ ಮೈ ಹಗುರಾಯಿತು ಅನ್ನುವ ಹಾಗೂ ಇಲ್ಲ, ಬಿಟ್ಟರೆ ಆ ದಿನವೇ ಏನೋ ಆಗುತ್ತದೆ ಅಂತಲೂ ಇಲ್ಲ. ಆ ಮಾತ್ರೆ ಹತ್ತು ಹದಿನೈದು ವರ್ಷ ಆದ ಮೇಲೆ ಬರಬಹುದಾದ ಪಾರ್ಶ್ವವಾಯುವನ್ನು ತಡೆಯಲು. ಬಾರದೇ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧ ತೆಗೆದುಕೊಳ್ಳುತ್ತಾರೆ ಎಂದು ಅದೇ ಸಂಸ್ಥೆ 2003ರಲ್ಲಿ ಹೇಳಿತ್ತು. ಅದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಇವರನ್ನೆಲ್ಲ ಸೋಮಾರಿಗಳು ಅಂತ ಬಯ್ಯುವುದು ತಪ್ಪು. ಸದ್ದು ಮಾಡದ ಕಾಯಿಲೆಗೆ ವರ್ಷಗಟ್ಟಲೆ ಕಿವಿ ಕೊಡುವುದು ನಿಜಕ್ಕೂ ಕಷ್ಟದ ಕೆಲಸ.

ಸಕ್ಕರೆ ಕಾಯಿಲೆಗೆ ಬಂದರೆ ಒಂದೇ ಚೌಕದೊಳಗೆ ಎರಡು ಬೇರೆ ಬದುಕುಗಳಿವೆ. ಎರಡನೇ ಬಗೆಯದು ಎಷ್ಟೋ ಜನರಲ್ಲಿ ಮೊದಲ ಕೆಲವು ವರ್ಷ ಬಿಪಿಯ ಹಾಗೇ ಸದ್ದಿಲ್ಲದೆ ಇರುತ್ತದೆ. ಮಾತ್ರೆ, ಊಟದ ಶಿಸ್ತು, ನಡಿಗೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ. ಮೊದಲನೇ ಬಗೆಯದು ಹಾಗಲ್ಲ. ಅಲ್ಲಿ ದೇಹ ಇನ್ಸುಲಿನ್ ಮಾಡುವುದನ್ನು ಬಹುಪಾಲು ನಿಲ್ಲಿಸಿಬಿಟ್ಟಿರುತ್ತದೆ. ಮೇದೋಜೀರಕ ಗ್ರಂಥಿ ತಾನಾಗೇ ಮಾಡುತ್ತಿದ್ದ ಲೆಕ್ಕವನ್ನೆಲ್ಲ ಆ ಮನುಷ್ಯ ತಲೆಯಲ್ಲಿ ಮಾಡಬೇಕು. ಏನು ತಿನ್ನುತ್ತೇನೆ, ಅದಕ್ಕೆ ಎಷ್ಟು ಇನ್ಸುಲಿನ್, ಆಮೇಲೆ ಓಡಾಟ ಇದೆಯೋ ಕೂತಿರುತ್ತೇನೋ, ಜ್ವರ ಇದೆಯೋ. ಹೆಚ್ಚಾದರೆ ಒಂದು ಅಪಾಯ, ಕಡಿಮೆಯಾದರೆ ಇನ್ನೊಂದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಮಾತು ತೊದಲುತ್ತದೆ. ಆಗ 15 ಗ್ರಾಂ ಸಕ್ಕರೆ ತಿಂದು, 15 ನಿಮಿಷ ಕಾದು, ಮತ್ತೆ ಪರೀಕ್ಷೆ ಮಾಡಬೇಕು. ಇದು ಪರೀಕ್ಷೆಯ ನಡುವೆ ಆಗಬಹುದು, ಗಾಡಿ ಓಡಿಸುವಾಗ ಆಗಬಹುದು, ನಿದ್ದೆಯಲ್ಲೂ ಆಗಬಹುದು. ಮೊದಲನೇ ಬಗೆಯ ಸಕ್ಕರೆ ಕಾಯಿಲೆ ಇರುವ ಮಗುವಿನ ತಾಯಿಗೆ ಎಷ್ಟೋ ವರ್ಷ ಒಂದು ಇಡೀ ರಾತ್ರಿಯ ನಿದ್ದೆ ಇರುವುದಿಲ್ಲ. ಅಂಥ ತಾಯಿಗೆ ಯಾರೋ ‘ನಮ್ಮ ಮಾವನಿಗೂ ಶುಗರ್ ಇದೆ, ಏನೂ ಆಗಲ್ಲ ಬಿಡಿ’ ಅಂದರೆ ಹೇಗಾಗಬೇಡ?

ಅಕ್ಕನ ಬೆಳಗು

ಅಕ್ಕನ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ದಾಳಿ ಮಾಡುತ್ತದೆ. ವಯಸ್ಸಾದ ಮೇಲೆ ಬರುವ ಮಂಡಿನೋವೇ ಬೇರೆ, ಇದೇ ಬೇರೆ. ಅದರಲ್ಲಿ ಕೀಲು ಸವೆದಿರುತ್ತದೆ, ಓಡಾಡಿದಷ್ಟೂ ನೋವು ಜಾಸ್ತಿ, ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇದರಲ್ಲಿ ಬೆಳಗಿನ ಬಿಗಿತ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ನಸುಕಿನ ಹೊತ್ತಿಗೆ ರಕ್ತದಲ್ಲಿ ಏರುತ್ತವೆ. ಹಾಗಾಗಿ ಊರೆಲ್ಲ ಚುರುಕಾಗಿ ಏಳುವ ಹೊತ್ತೇ ಅಕ್ಕನಿಗೆ ದಿನದ ಅತಿ ಕೆಟ್ಟ ಹೊತ್ತು. ಗಂಡಸರಿಗಿಂತ ಹೆಂಗಸರಲ್ಲಿ ಈ ಕಾಯಿಲೆ ಎರಡು ಮೂರು ಪಟ್ಟು ಹೆಚ್ಚು.

ಒಂದು ಬೆಳಗ್ಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎದ್ದು ಬಂದರೆ ಅಕ್ಕ ಬಚ್ಚಲುಮನೆಯ ಬಾಗಿಲ ಮುಂದೆ ನಿಂತಿದ್ದಳು. ಆ ಬಾಗಿಲಿಗೆ ಗುಂಡನೆಯ ಹಿಡಿಕೆ. ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಲು ಆಗುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಇಡೀ ಮೈಯನ್ನು ಓರೆ ಮಾಡಿ ತಿರುಗಿಸುತ್ತಿದ್ದಳು. ಹಿಡಿಕೆ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ. ನಾನು ಓಡಿ ಹೋಗಿ ತೆಗೆದೆ.

‘ಕರೀಬಾರದಿತ್ತಾ ಅಕ್ಕ?’ ಎಂದೆ.

‘ಎಷ್ಟು ಸಲ ಕರೀಲಿ ಕಣೇ? ಬಾಗಿಲಿಗೊಂದ್ಸಲ, ನಲ್ಲಿಗೊಂದ್ಸಲ, ಗುಂಡಿ ಹಾಕೋಕೊಂದ್ಸಲ, ತಲೆ ಬಾಚೋಕೊಂದ್ಸಲ. ಎಲ್ಲದಕ್ಕೂ ಕರೀತಾ ಕೂತರೆ ನಿನ್ನ ಬೆಳಗ್ಗೇನೂ ಹೋಗತ್ತೆ, ನಂದೂ ಹೋಗತ್ತೆ.’

ಅದನ್ನು ಅವಳು ಕೋಪದಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಯಾವುದಕ್ಕೆ ಕರೆಯಬೇಕು, ಯಾವುದನ್ನು ಹೇಗೋ ಮಾಡಿಕೊಳ್ಳಬೇಕು, ಯಾವುದನ್ನು ಇವತ್ತಿಗೆ ಬಿಟ್ಟುಬಿಡಬೇಕು ಎಂದು ಅವಳು ಹಾಸಿಗೆಯಲ್ಲೇ ತೀರ್ಮಾನ ಮಾಡಿರುತ್ತಿದ್ದಳು. ಗುಂಡಿಯ ಬಟ್ಟೆ ಬೇಡ. ತಲೆಸ್ನಾನ ನಾಳೆ. ಬಾಗಿಲನ್ನು ನಾನೇ ತೆಗೆಯುತ್ತೇನೆ. ನಾವು ಏಳುವ ಹೊತ್ತಿಗೆ ಅವಳ ಅರ್ಧ ಕೆಲಸ ತಲೆಯೊಳಗೆ ಮುಗಿದಿರುತ್ತಿತ್ತು. ಆ ವಾರವೇ ಮನೆಯ ಬಾಗಿಲುಗಳಿಗೆಲ್ಲ ಉದ್ದನೆಯ ಹಿಡಿಕೆ ಹಾಕಿಸಿದೆವು. ಅದನ್ನು ಮೊಣಕೈಯಿಂದಲೂ ಒತ್ತಬಹುದು. ನಲ್ಲಿಗಳನ್ನೂ ಬದಲಾಯಿಸಿದೆವು. ಔಷಧಿಗಿಂತ ಮೊದಲು ಕೆಲಸಕ್ಕೆ ಬಂದಿದ್ದು ಈ ಹಿಡಿಕೆಗಳೇ.

ಯಾಕೆಂದರೆ ಅವಳ ಔಷಧ ನಿಧಾನದ್ದು. ಮೆಥೋಟ್ರೆಕ್ಸೇಟ್ ಅಂತ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ನಂಬಿಕೆಯ ಮೇಲೆ ನುಂಗಬೇಕು. ನುಂಗಿದ ಮಾರನೇ ದಿನ ವಾಕರಿಕೆ, ಸುಸ್ತು. ಲಿವರ್‌ಗೆ ಪೆಟ್ಟು ಬಿದ್ದಿಲ್ಲ ಅಂತ ನೋಡಲು ಆಗಾಗ ರಕ್ತಪರೀಕ್ಷೆ. ಅಕ್ಕ ಶನಿವಾರ ರಾತ್ರಿಯನ್ನು ಮಾತ್ರೆಗೆ ಇಟ್ಟುಕೊಂಡಳು. ಸುಸ್ತು ಭಾನುವಾರಕ್ಕೆ ಬೀಳಲಿ, ಸೋಮವಾರದ ಆಫೀಸಿಗೆ ಬೇಡ ಅಂತ. ಅಂದರೆ ಅವಳಿಗೆ ರಜೆಯ ದಿನ ಅಂತ ಒಂದು ಉಳಿಯಲಿಲ್ಲ. ಇದು ಯಾವ ಡಾಕ್ಟರ ಚೀಟಿಯಲ್ಲೂ ಬರೆದಿರುವುದಿಲ್ಲ.

ಬಾಗಿಲ ಹಿಡಿಕೆಯ ಆ ದಿನವೇ ಸಂಜೆ ನೆಂಟರೊಬ್ಬರು ಬಂದಿದ್ದರು. ಅಷ್ಟು ಹೊತ್ತಿಗೆ ಅಕ್ಕನ ಕೈ ಬಿಟ್ಟುಕೊಂಡಿತ್ತು. ಓಡಾಡಿದಳು, ನಕ್ಕಳು, ಮಗುವೊಂದನ್ನು ಎತ್ತಿಕೊಂಡಳು. ನೆಂಟರು ಹೊರಡುವಾಗ, ‘ಚೆನ್ನಾಗೇ ಇದ್ದೀಯಲ್ಲಮ್ಮಾ! ಏನೇನೋ ಹೇಳಿದರು’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅಕ್ಕ ‘ಹೂಂ’ ಅಂದಳು. ಅವರು ಹೋದ ಮೇಲೆ ನನಗೆ ಹೇಳಿದಳು: ‘ನೋವಿನ ಮುಖ ಹಾಕ್ಕೊಂಡಿದ್ರೆ ಗೊಣಗ್ತಾಳೆ ಅಂತಾರೆ. ನಕ್ಕರೆ ಏನೂ ಆಗಿಲ್ಲ ಅಂತಾರೆ. ಯಾವ ಮುಖದಲ್ಲಿ ಇರಲಿ ಹೇಳು.’

ಬಂದು ಹೋಗುವ ಕಾಯಿಲೆಗಳ ದೊಡ್ಡ ಕಷ್ಟ ಇದೇ ಅನ್ನಿಸುತ್ತದೆ. ಮೈಗ್ರೇನ್, ರಕ್ಷಣಾ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್, ಆಸ್ತಮಾ, ಕರುಳಿನ ಕ್ರೋನ್ಸ್ ಕಾಯಿಲೆ, ಮುಟ್ಟಿನಲ್ಲಿ ತೀವ್ರ ನೋವು ತರುವ ಎಂಡೊಮೆಟ್ರಿಯೋಸಿಸ್, ನರಗಳ ಮಲ್ಟಿಪಲ್ ಸ್ಕ್ಲೆರೋಸಿಸ್. ಒಂದು ತಲೆಯದು, ಒಂದು ಶ್ವಾಸಕೋಶದ್ದು, ಒಂದು ಕರುಳಿನದು, ಒಂದು ನರದ್ದು. ದೇಹದಲ್ಲಿ ಒಂದಕ್ಕೊಂದು ಸಂಬಂಧ ಕಾಣುವುದಿಲ್ಲ. ಬದುಕಿನಲ್ಲಿ ಇವೆಲ್ಲ ಒಂದೇ ಮನೆಯವು. ಕ್ರೋನ್ಸ್ ಇರುವವರು ಹೊಸ ಜಾಗಕ್ಕೆ ಹೋದರೆ ಮೊದಲು ನೋಡುವುದು ಶೌಚಾಲಯ ಎಲ್ಲಿದೆ ಅಂತ. ಮೈಗ್ರೇನ್ ಇರುವವರು ಮುಂದಿನ ತಿಂಗಳ ಸಮಾರಂಭಕ್ಕೆ ‘ಬರ್ತೀನಿ’ ಅನ್ನಲು ಹಿಂಜರಿಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಮೈ ಸ್ವಲ್ಪ ಬಿಸಿಯಾದರೂ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ತಣ್ಣಗಾದರೆ ಸರಿಹೋಗುತ್ತದೆ. ಎಂಡೊಮೆಟ್ರಿಯೋಸಿಸ್ ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಆದರೂ ಅದು ಕಾಯಿಲೆ ಅಂತ ಪತ್ತೆಯಾಗಲು ಎಷ್ಟೋ ಜನರಿಗೆ ವರ್ಷಗಳೇ ಬೇಕಾಗುತ್ತವೆ. ‘ಎಲ್ಲರಿಗೂ ಇರೋದೇ’ ಅನ್ನುವ ಮಾತಿನಲ್ಲಿ ಆ ವರ್ಷಗಳು ಕಳೆದುಹೋಗುತ್ತವೆ.

ಎಂಇ/ಸಿಎಫ್‌ಎಸ್ ಎಂಬ ತೀವ್ರ ಬಳಲಿಕೆಯ ಕಾಯಿಲೆಯಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಮೈಗೆ ಮೀರಿ ಕೆಲಸ ಮಾಡಿದರೆ ಅದರ ಬೆಲೆ ಆಗಲೇ ತೆರಬೇಕಾಗಿಲ್ಲ. ಹೆಚ್ಚಾಗಿ 12ರಿಂದ 48 ಗಂಟೆ ಆದ ಮೇಲೆ ಮೈ ಕುಸಿಯುತ್ತದೆ. ಹಾಗಾಗಿ ಜನ ನೋಡುವುದು ಅವರು ಓಡಾಡಿದ ದಿನವನ್ನು. ಹಾಸಿಗೆಯಲ್ಲಿ ಬಿದ್ದ ದಿನವನ್ನು ನೋಡುವುದು ಮನೆಯವರು ಮಾತ್ರ. ಇಂಥವರಿಗೆ ‘ಸ್ವಲ್ಪ ವ್ಯಾಯಾಮ ಮಾಡು, ಸರಿಹೋಗತ್ತೆ’ ಅನ್ನುವುದು ಸಹಾಯ ಅಲ್ಲ, ಕೇಡು. ಇದನ್ನು ಒತ್ತಿ ಹೇಳಬೇಕು ಅನ್ನಿಸಿತು, ಹೇಳಿದೆ.

ಅಪ್ಪನ ನೀರು

ಅಪ್ಪನ ಕಾಯಿಲೆಗೆ ಅನುಮಾನಪಡುವವರು ಯಾರೂ ಇಲ್ಲ. ಡಯಾಲಿಸಿಸ್ ಅಂದರೆ ಸಾಕು, ಎಲ್ಲರೂ ದನಿ ತಗ್ಗಿಸುತ್ತಾರೆ. ಅಷ್ಟರಮಟ್ಟಿಗೆ ಅಕ್ಕನಿಗಿಂತ ಅಪ್ಪ ಪುಣ್ಯವಂತರು. ಅವರ ಕಷ್ಟ ಇನ್ನೊಂದು ರೀತಿಯದು. ಅದಕ್ಕೆ ವೇಳಾಪಟ್ಟಿ ಇದೆ, ಅದನ್ನು ಮೀರುವ ಹಾಗಿಲ್ಲ. ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹೋಗಿ ಬರುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವ ತನಕ ಒತ್ತಿ ಕೂರುವುದು, ಆಮೇಲೆ ಮನೆಗೆ ಬಂದು ಬಸವಳಿದು ಮಲಗುವುದು ಎಲ್ಲ ಸೇರಿಸಿದರೆ ಆ ಮೂರು ದಿನಗಳು ಪೂರಾ ಅದಕ್ಕೇ. ಬೇರೆ ಊರಿಗೆ ಹೋಗಬೇಕಾದರೆ ಮೊದಲು ಅಲ್ಲಿ ಒಂದು ಮಷಿನ್ ಖಾಲಿ ಇದೆಯಾ ಎಂದು ಕೇಳಬೇಕು. ಸಾವಿಗೂ ಮದುವೆಗೂ ಇದೇ ನಿಯಮ.

ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ವಾರದ 168 ಗಂಟೆಯೂ ಕೆಲಸ ಮಾಡುತ್ತವೆ. ಮಷಿನ್ನಿಗೆ ಸಿಗುವುದು 12 ಗಂಟೆ. ಉಳಿದ ಹೊತ್ತು ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಕಾಲು ಬಾತುಕೊಳ್ಳುತ್ತದೆ, ಜಾಸ್ತಿಯಾದರೆ ಉಸಿರು ಕಟ್ಟುತ್ತದೆ. ಅದಕ್ಕೇ ನೀರಿಗೆ ಅಳತೆ. ಅಪ್ಪ ಬೆಳಗ್ಗೆ ಒಂದು ಬಾಟಲಿಗೆ ದಿನದ ನೀರನ್ನು ಅಳೆದು ತುಂಬಿಡುತ್ತಾರೆ. ಅದರಲ್ಲೇ ಮಾತ್ರೆಗಳನ್ನೂ ನುಂಗಬೇಕು. ಮಾತ್ರೆಗಳೇ ಎಷ್ಟೊಂದು. ಹಾಗಾಗಿ ಒಂದೇ ಗುಟುಕಿಗೆ ನಾಲ್ಕಾರು ಮಾತ್ರೆ ನುಂಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಒಂದು ಬೇಸಿಗೆಯ ಮಧ್ಯಾಹ್ನ ಅವರು ಬಾಯಿಗೆ ನೀರು ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡು, ಆಮೇಲೆ ಉಗಿದರು. ನಾನು ನೋಡುತ್ತಿರುವುದು ಗೊತ್ತಾಯಿತು. ‘ಬಾಯಾರಿಕೆ ಅಂತ ನೀರು ಕುಡಿದು ಎಷ್ಟು ಕಾಲ ಆಯ್ತಮ್ಮಾ. ಈಗೆಲ್ಲ ಲೆಕ್ಕಕ್ಕೆ ಕುಡಿಯೋದು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನೀವೆಲ್ಲ ನನ್ನ ಮುಂದೆ ನೀರು ಕುಡಿಯೋಕೆ ಸಂಕೋಚ ಪಡ್ತೀರಿ. ಬೇಡ. ಧಾರಾಳವಾಗಿ ಕುಡೀರಿ. ನೋಡಿದ್ರೆ ನಂಗೇನೂ ಬೇಜಾರಿಲ್ಲ’ ಅಂದರು. ಅವರ ಎದುರು ನಾವು ನೀರು ಕುಡಿಯುವುದನ್ನು ಬಿಟ್ಟಿದ್ದು ನಿಜ. ಯಾರೂ ಮಾತಾಡಿಕೊಂಡು ಬಿಟ್ಟಿದ್ದಲ್ಲ, ತಾನಾಗೇ ಆಗಿತ್ತು. ಅವರು ಅದನ್ನೂ ಗಮನಿಸಿ, ನಮಗೆ ಭಾರ ಆಗಬಾರದು ಅಂತ ಯೋಚಿಸಿದ್ದರು. ಕಾಯಿಲೆ ಇರುವವರು ಮಾಡುವ ಕೆಲಸಗಳಲ್ಲಿ ಇದೂ ಒಂದು. ತಮ್ಮ ಸುತ್ತ ಇರುವವರ ಮನಸ್ಸನ್ನೂ ಅವರೇ ನೋಡಿಕೊಳ್ಳಬೇಕು.

ಅಪ್ಪನ ಎಡಗೈಯಲ್ಲಿ ಫಿಸ್ಟುಲಾ ಇದೆ. ಡಯಾಲಿಸಿಸ್ ಸೂಜಿ ಚುಚ್ಚಲು ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆ ಮಾಡಿ ಜೋಡಿಸಿದ ಜಾಗ. ಅಲ್ಲಿ ಬೆರಳಿಟ್ಟರೆ ಗುಂಯ್ ಅಂತ ಕಂಪನ ಗೊತ್ತಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅವರು ಅದನ್ನು ಮುಟ್ಟಿ ನೋಡುತ್ತಾರೆ. ಕಂಪನ ಇದ್ದರೆ ದಾರಿ ತೆರೆದಿದೆ ಅಂತ ಅರ್ಥ. ಇಲ್ಲದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಹೊರಬಾರದು, ಅದರ ಮೇಲೆ ಮಲಗಬಾರದು. ನಿದ್ದೆಯಲ್ಲೂ ಆ ಕೈಯ ಎಚ್ಚರ ಇರಬೇಕು.

ಬದುಕಿಸಿದ ಔಷಧ, ಉಳಿಸಿದ ಕೆಲಸ

ಇಲ್ಲಿ ಒಂದು ಮಾತು ನೆನಪಿಡಬೇಕು. ಅಪ್ಪನ ಕಾಯಿಲೆ ‘ದೀರ್ಘಕಾಲದ’ ಕಾಯಿಲೆ ಆಗಿದ್ದೇ ಈಚೆಗೆ. ವಿಲೆಮ್ ಕಾಲ್ಫ್ ಎಂಬ ಡಾಕ್ಟರು ನೆದರ್‌ಲೆಂಡ್ಸ್‌ನಲ್ಲಿ, ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ರೋಗಿಗಳಿಗೆ ನಿಜಕ್ಕೂ ಉಪಯೋಗಕ್ಕೆ ಬಂದ ಮೊದಲ ಡಯಾಲಿಸಿಸ್ ಯಂತ್ರ ಕಟ್ಟಿದರು. ಆದರೆ ಪ್ರತಿ ಸಲವೂ ಹೊಸ ರಕ್ತನಾಳ ಬೇಕಾಗುತ್ತಿತ್ತು. ಕೆಲವು ಸಲ ಮಾಡಿದ ಮೇಲೆ ನಾಳಗಳೇ ಮುಗಿದುಹೋಗುತ್ತಿದ್ದವು. ಹಾಗಾಗಿ ಸ್ವಲ್ಪ ದಿನದಲ್ಲಿ ಕಿಡ್ನಿ ಚೇತರಿಸಿಕೊಳ್ಳುವ ರೋಗಿಗೆ ಮಾತ್ರ ಅದರಿಂದ ಉಪಯೋಗ. ಕಿಡ್ನಿ ಪೂರ್ತಿ ಹೋದವರು ಸಾಯಲೇಬೇಕಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕೈಯಲ್ಲಿ ಶಾಶ್ವತವಾಗಿ ಇರುವ ಟೆಫ್ಲಾನ್ ಕೊಳವೆಯ ದಾರಿ ಮಾಡಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಇನ್ಸುಲಿನ್ ಕಥೆಯೂ ಹಾಗೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಮೊದಲನೇ ಬಗೆಯ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಎಚ್‌ಐವಿಯದೂ 1996ರ ಸುಮಾರಿಗೆ ಹಲವು ಔಷಧಗಳ ಜೋಡಿ ಬಂದ ಮೇಲೆ ಇದೇ ಕಥೆ ಆಯಿತು.

ಔಷಧ ಬಂದು ಪ್ರಾಣ ಉಳಿಯಿತು. ಪ್ರಾಣ ಉಳಿದ ಮೇಲೆ ಅದನ್ನು ದಿನದಿನವೂ ಉಳಿಸಿಕೊಳ್ಳುವ ಕೆಲಸ ಮನೆಗೆ ಬಂತು. ಈ ಎರಡನೇ ಭಾಗದ ಬಗ್ಗೆ ನಾವು ಮಾತಾಡುವುದು ಕಡಿಮೆ. ಸಮಾಜಶಾಸ್ತ್ರಜ್ಞ ಟ್ಯಾಲ್ಕಟ್ ಪಾರ್ಸನ್ಸ್ 1951ರಲ್ಲಿ ರೋಗಿಗೆ ಸಮಾಜ ಕೊಡುವ ಪಾತ್ರ ಎಂಥದ್ದು ಎಂದು ವಿವರಿಸಿದ್ದರು. ರೋಗಿಗೆ ಕೆಲಸದಿಂದ ವಿನಾಯಿತಿ ಸಿಗುತ್ತದೆ, ಯಾರೂ ಬಯ್ಯುವುದಿಲ್ಲ. ಬದಲಿಗೆ ಅವರು ಡಾಕ್ಟರ ಮಾತು ಕೇಳಿ ಬೇಗ ಗುಣವಾಗಬೇಕು. ಜ್ವರಕ್ಕೆ, ಮುರಿದ ಕೈಗೆ ಇದು ಸರಿ. ಗುಣವೇ ಆಗದ ಕಾಯಿಲೆಗೆ? ನೆಂಟರು, ಆಫೀಸಿನವರು ಈಗಲೂ ಆ ಹಳೇ ಲೆಕ್ಕದಲ್ಲೇ ಇದ್ದಾರೆ. ಮೊದಲ ತಿಂಗಳು ಹಣ್ಣು ತಂದು ನೋಡಿ ಹೋಗುತ್ತಾರೆ. ಆರನೇ ತಿಂಗಳು ‘ಈಗ ಪರವಾಗಿಲ್ವಾ?’ ಅನ್ನುತ್ತಾರೆ. ಎರಡನೇ ವರ್ಷ ಕೇಳುವುದನ್ನೇ ಬಿಡುತ್ತಾರೆ. ಯಾರೂ ಕೆಟ್ಟವರಲ್ಲ. ಗುಣವಾಗದೆ ಬದುಕುವವರ ಜೊತೆ ಹೇಗಿರಬೇಕು ಅಂತ ನಮಗೆ ಯಾರೂ ಕಲಿಸಿಲ್ಲ.

ಆ ಕೆಲಸ ಎಷ್ಟಿದೆ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಜೂಲಿಯೆಟ್ ಕಾರ್ಬಿನ್, ಆನ್ಸೆಲ್ಮ್ ಸ್ಟ್ರಾಸ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ಇದನ್ನು ಮೂರಾಗಿ ನೋಡಿದರು. ಕಾಯಿಲೆಯ ಕೆಲಸ ಒಂದು. ಮನೆ ನಡೆಸುವ, ಸಂಪಾದಿಸುವ ಮಾಮೂಲಿ ಕೆಲಸ ಇನ್ನೊಂದು. ‘ಇನ್ನು ಮುಂದೆ ನಾನು ಯಾರು’ ಎಂದು ಹೊಂದಿಸಿಕೊಳ್ಳುವುದು ಮೂರನೆಯದು. ಸಮಾಜಶಾಸ್ತ್ರಜ್ಞ ಮೈಕಲ್ ಬ್ಯೂರಿ 1982ರಲ್ಲಿ ಅಕ್ಕನಂಥ ಸಂಧಿವಾತದವರನ್ನೇ ಮಾತಾಡಿಸಿ ಬರೆದದ್ದೂ ಈ ಮೂರನೆಯದರ ಬಗ್ಗೆಯೇ. ಕಾಯಿಲೆ ಬಂದಾಗ ನೋವಿನ ಜೊತೆ ಮುಂದಿನ ಬದುಕಿನ ಕಲ್ಪನೆಯೂ ಮುರಿಯುತ್ತದೆ ಎಂದು ಅವರು ಕಂಡುಕೊಂಡರು. ಅಕ್ಕ ವೀಣೆ ನುಡಿಸುತ್ತಿದ್ದಳು. ಅದನ್ನು ಇಲ್ಲಿ ಇಷ್ಟೇ ಹೇಳಿ ಬಿಡುತ್ತೇನೆ.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದರಂತೂ ಕೆಲಸ ಎರಡರಷ್ಟಲ್ಲ, ಇನ್ನೂ ಜಾಸ್ತಿ. ಅಕ್ಕನಿಗೆ ನೋವು ತಡೆಯಲು ಕೊಡುವ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಕೆಟ್ಟವು. ಹಾಗಾಗಿ ಅವಳ ಡಬ್ಬಿಯೂ ಅಪ್ಪನ ಡಬ್ಬಿಯೂ ನಮ್ಮಲ್ಲಿ ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಒಬ್ಬರಿಗೇ ಮೂರು ನಾಲ್ಕು ಕಾಯಿಲೆ ಇದ್ದರೆ ಒಬ್ಬ ಡಾಕ್ಟರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಅಂಗವನ್ನು ಚೆನ್ನಾಗಿ ನೋಡುತ್ತಾರೆ. ಇಡೀ ದಿನವನ್ನು ನೋಡುವವರು ಯಾರೂ ಇಲ್ಲ. 2009ರಲ್ಲಿ ಕಾರ್ಲ್ ಮೇ, ವಿಕ್ಟರ್ ಮೊಂಟೋರಿ, ಫ್ರಾನ್ಸಿಸ್ ಮೇರ್ ಎಂಬ ಮೂವರು ಸಂಶೋಧಕರು ಇದನ್ನೇ ಹೇಳಿದರು. ಚಿಕಿತ್ಸೆಯೇ ಒಂದು ಹೊರೆ, ರೋಗಿಯ ಬದುಕನ್ನು ಆದಷ್ಟು ಕಡಿಮೆ ಕದಡುವ ಚಿಕಿತ್ಸೆ ಬೇಕು ಎಂದರು. ಇದು ಎಲ್ಲ ಡಾಕ್ಟರ ಮೇಜಿನ ಮೇಲೂ ಇರಬೇಕಾದ ಮಾತು ಅಂತ ನನ್ನ ಅಭಿಪ್ರಾಯ.

ಏರುತ್ತಲೇ ಹೋಗುವ ಕಾಯಿಲೆಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ, ನಮ್ಮ ಮನೆಯಲ್ಲಿ ಅವಿಲ್ಲ. ಹೃದಯಕ್ಕೆ ರಕ್ತ ಪಂಪ್ ಮಾಡುವ ಶಕ್ತಿ ಕುಂದಿದವರು ದಿನಾ ಬೆಳಗ್ಗೆ ತೂಕ ನೋಡುತ್ತಾರೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಬೇಕು. ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮೆಟ್ಟಿಲು ಮೊದಲು ದೂರವಾಗುತ್ತದೆ, ಆಮೇಲೆ ಬೀದಿ, ಆಮೇಲೆ ಸ್ನಾನ. ಇವರೆಲ್ಲ ಒಂದು ಸಲ ಹೊಂದಿಕೊಂಡರೆ ಸಾಲದು. ಹೊಂದಿಕೊಂಡ ಜಾಗ ಮತ್ತೆ ಕಿರಿದಾಗುತ್ತದೆ, ಮತ್ತೆ ಹೊಂದಿಕೊಳ್ಳಬೇಕು.

ಹನ್ನೊಂದು ಗಂಟೆ

ಅಕ್ಕನ ಆಫೀಸಿನಲ್ಲಿ ಈಗ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲಿದ್ದ ಮೇಲಧಿಕಾರಿ ಪ್ರತಿ ಸಲ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಿದ್ದರು. ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಇರುತ್ತಿತ್ತು. ಅವರು ಅದನ್ನು ಓದಿ, ಎದುರಿಗೆ ನಿಂತ ಅಕ್ಕನನ್ನು ನೋಡಿ, ‘ಈಗ ಸರಿಯಾಗಿದ್ದೀರಲ್ಲ’ ಅನ್ನುತ್ತಿದ್ದರು. ಈಗ ಬಂದವರು ಒಂದೇ ಒಂದು ಪ್ರಶ್ನೆ ಕೇಳಿದರು: ‘ದಿನದಲ್ಲಿ ಯಾವ ಹೊತ್ತು ನಿಮಗೆ ಕಷ್ಟ?’ ಅಕ್ಕ ಬೆಳಗ್ಗೆ ಎಂದಳು. ‘ಹಾಗಾದರೆ ಹನ್ನೊಂದಕ್ಕೆ ಬನ್ನಿ, ಸಂಜೆ ತಡವಾಗಿ ಹೋಗಿ’ ಎಂದರು. ಅಕ್ಕನ ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ರಜೆ ಹಾಕುವುದು ಮಾತ್ರ ಕಡಿಮೆಯಾಯಿತು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿಕೊಂಡ ಒಡಂಬಡಿಕೆ ಇಂಥ ಹೊಂದಾಣಿಕೆಯನ್ನೇ ಕೇಳುತ್ತದೆ. ಕೆಲಸದ ಜಾಗ ಆ ಒಬ್ಬರ ಅಗತ್ಯಕ್ಕೆ ತಕ್ಕಂತೆ, ತನಗೆ ಮಿತಿಮೀರಿದ ಹೊರೆಯಾಗದಷ್ಟು ಬದಲಾಗಬೇಕು ಎನ್ನುತ್ತದೆ.

ಆದರೆ ಬಂದು ಹೋಗುವ ಕಾಯಿಲೆಯವರಿಗೆ ಇದನ್ನು ಕಾಗದದ ಮೇಲೆ ಪಡೆಯುವುದು ಸುಲಭವಲ್ಲ. ಪರೀಕ್ಷೆ ಮಾಡುವವರು ನೋಡುವುದು ಒಂದು ದಿನವನ್ನು. ಆ ದಿನ ಅಕ್ಕನ ಬೆರಳು ಮಡಚಿದರೆ ಅವಳು ಆರೋಗ್ಯವಂತೆ, ಮಡಚದಿದ್ದರೆ ಕೆಲಸಕ್ಕೇ ಬಾರದವಳು. ಎರಡೂ ಸುಳ್ಳು. ಈಗಿನ ಏರ್ಪಾಡು ಬರೀ ಬಾಯಿಮಾತಿನದು. ಈ ಮೇಲಧಿಕಾರಿ ವರ್ಗವಾದರೆ ಮತ್ತೆ ಮೊದಲಿನಿಂದ ಹೇಳಬೇಕು. ಅದಕ್ಕೇ ಅಕ್ಕ ಒಂದು ಪುಸ್ತಕ ಇಟ್ಟಿದ್ದಾಳೆ. ದಿನಾ ಕೈ ಎಷ್ಟು ಹೊತ್ತಿಗೆ ಬಿಟ್ಟುಕೊಂಡಿತು, ಏನು ಮಾಡಲು ಆಯಿತು, ಏನು ಆಗಲಿಲ್ಲ ಎಂದು ಬರೆಯುತ್ತಾಳೆ. ಕೈ ಬಿಗಿದ ದಿನ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಮುಂದಿನ ಸಲ ಡಾಕ್ಟರನ್ನು ನೋಡಲು ಹೋದಾಗ ಅದನ್ನು ತೋರಿಸಿ, ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಬೆಳಗಿನ ಹೊತ್ತಿನ ಕಷ್ಟವನ್ನೂ ಬರೆದುಕೊಡಿ ಅಂತ ಕೇಳಬೇಕು ಎಂದುಕೊಂಡಿದ್ದೇವೆ.